ಎರಡು ವಾರವಾದರೂ ಆರದ ಹುಣ್ಣು: ಮನೆಯವರ ಬಾಯಿ ನೋಡುವುದು ಹೇಗೆ

2021ರ ಮೇ ತಿಂಗಳು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕ್ಲಿನಿಕ್ಕಿಗೆ ಒಬ್ಬ ಹೋಟೆಲ್ ಮಾಲೀಕರು ಬಂದರು. ಕುಂದಾಪುರದ ಕಡೆಯವರು, ವಯಸ್ಸು 52. "ಡಾಕ್ಟ್ರೇ, ಮೇಲಿನ ಹಲ್ಲು ಮೂರು ಅಲ್ಲಾಡ್ತಾ ಇವೆ, ತೆಗೆದುಬಿಡಿ" ಎಂದರು. ಮೂರು ವಾರದ ಹಿಂದೆ ಕೋವಿಡ್ ಆಗಿ, ಆಕ್ಸಿಜನ್ ಹಾಕಿಸಿಕೊಂಡು, ಮನೆಗೆ ಮರಳಿದ್ದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಒಂದು ಹಲ್ಲು ತೆಗೆಸಿಕೊಂಡೂ ಆಗಿತ್ತು.

ಬಾಯಿ ತೆರೆಸಿ ನೋಡಿದೆ. ಹಲ್ಲು ತೆಗೆದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಇರಲಿಲ್ಲ. ಸುತ್ತ ಬೂದು ಬಣ್ಣ, ನಡುವೆ ಬಿಳಿ ಮೂಳೆ. ಉಳಿದ ಮೂರು ಹಲ್ಲುಗಳಲ್ಲಿ ಹುಳುಕಿಲ್ಲ. ಒಸಡಿನ ರೋಗವೂ ಅಷ್ಟೇನಿಲ್ಲ. ಆದರೂ ಮೂರೂ ಒಟ್ಟಿಗೆ, ಹಿಡಿದಿದ್ದ ಮೂಳೆಯ ಸಮೇತ ಅಲ್ಲಾಡುತ್ತಿದ್ದವು. ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಬಲಗೆನ್ನೆ ಮುಟ್ಟಿದೆ. "ಮುಟ್ಟಿದ್ರಾ? ಗೊತ್ತೇ ಆಗ್ಲಿಲ್ಲ" ಎಂದರು.

ನಾನು ಹಲ್ಲು ಕೀಳಲಿಲ್ಲ. ಅವತ್ತು ಸಂಜೆಯೇ ಮುಂಬೈಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅದು ಮ್ಯೂಕರ್‌ಮೈಕೋಸಿಸ್. ಇಲ್ಲಿನ ಮರಾಠಿಯಲ್ಲಿ ಕಾಳಿ ಬುರಶಿ, ನಮ್ಮ ಬಾಯಲ್ಲಿ ಕಪ್ಪು ಫಂಗಸ್. ಮೇಲ್ದವಡೆಯ ಬಲಭಾಗ ಹೋಯಿತು. ಅವರು ಉಳಿದರು.

ಕುಮಟಾದಿಂದ ಮದುವೆಯಾಗಿ ಬಂದು ಇಲ್ಲಿ ಹಲ್ಲಿನ ಡಾಕ್ಟರ್ ಆಗಿ ನನಗೆ 26 ವರ್ಷ. ಬರುವವರಲ್ಲಿ ಅರ್ಧ ಜನ ಕನ್ನಡದವರು. ಹೋಟೆಲಿನ ಅಡುಗೆಯವರು, ಎಂಐಡಿಸಿ ಕಾರ್ಖಾನೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಅವರ ಮನೆಯ ಅಜ್ಜಿಯರು. ದೇಹದ ಒಳಗೆ ಹರಡುವ ಫಂಗಸ್ ಕಾಯಿಲೆ ಎಷ್ಟೋ ಸಲ ಮೊದಲು ಬಾಯಲ್ಲೇ ಮುಖ ತೋರಿಸುತ್ತದೆ. ಅದನ್ನು ಡಾಕ್ಟರಿಗಿಂತ ಮುಂಚೆ ನೋಡುವವರು ಮನೆಯವರು. ಹೇಗೆ ನೋಡಬೇಕು, ಏನು ಕಂಡರೆ ಓಡಬೇಕು, ಏನು ಕಂಡರೆ ಸಮಾಧಾನವಾಗಿ ಇರಬಹುದು ಅಂತ ಅವರಿಗೇ ಹೇಳಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಯಾರ ಬಾಯಿ ನೋಡಬೇಕು

ಎಲ್ಲರ ಬಾಯಿಯನ್ನೂ ದಿನಾ ನೋಡುತ್ತಾ ಕೂರಬೇಕಿಲ್ಲ. ಗಟ್ಟಿಮುಟ್ಟಾದ ಮಗುವಿಗೆ ಒಂದು ಬಾಯಿ ಹುಣ್ಣು ಬಂದರೆ ಅದು ಬರೀ ಬಾಯಿ ಹುಣ್ಣು. ನಮ್ಮ ಕ್ಲಿನಿಕ್ಕಿನ ಮರಾಠಿ ಸಹಾಯಕಿ ಅದಕ್ಕೆ "ತೋಂಡ್ ಆಲಂ" ಅನ್ನುತ್ತಾಳೆ, ಬಾಯಿ ಬಂತು ಅಂತ. ವಾರ ಹತ್ತು ದಿನದಲ್ಲಿ ಬಂದ ಹಾಗೇ ಹೋಗುತ್ತದೆ.

ನೋಡಬೇಕಾದದ್ದು ಮೈಯ ಕಾವಲು ಕಡಿಮೆಯಾದವರ ಬಾಯಿ. ಸಕ್ಕರೆ ಹತೋಟಿಯಲ್ಲಿ ಇಲ್ಲದವರು ಮೊದಲು. ಆಮೇಲೆ ದಿನಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರು. ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ಆಗುತ್ತಿರುವವರು, ರಕ್ತದ ಕ್ಯಾನ್ಸರ್ ಇರುವವರು, ಎಚ್‌ಐವಿ ಇದ್ದು ಔಷಧಿ ಬಿಟ್ಟವರು. ಇವರ ಬಾಯಿಯನ್ನು ವಾರಕ್ಕೊಮ್ಮೆ ನೋಡಿ. ಹೊಸದಾಗಿ ನೋವೋ ಊತವೋ ಬಂದರೆ ಅವತ್ತೇ ನೋಡಿ.

ಸ್ಟೀರಾಯ್ಡ್ ವಿಷಯದಲ್ಲಿ ಒಂದು ಮಾತು. "ನಾನು ಸ್ಟೀರಾಯ್ಡ್ ತಗೊಂಡಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಚೀಟಿ ತೆಗೆಸಿ ನೋಡಿದರೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಇರುತ್ತದೆ. ಮಂಡಿ ನೋವಿಗೆ, ಉಬ್ಬಸಕ್ಕೆ, ಚರ್ಮದ ತುರಿಕೆಗೆ ಕೊಟ್ಟಿರುತ್ತಾರೆ. ಆ ಮಾತ್ರೆ ಸಕ್ಕರೆಯನ್ನೂ ಏರಿಸುತ್ತದೆ, ಕಾವಲನ್ನೂ ಇಳಿಸುತ್ತದೆ. ಬಾಯಿಮಾತು ಕೇಳಿ ಬಿಡಬೇಡಿ, ಮಾತ್ರೆಯ ಹಾಳೆ ಓದಿ.

ನೋಡುವ ಕ್ರಮ

ಬೆಳಗ್ಗೆ, ಹಲ್ಲುಜ್ಜಿದ ಮೇಲೆ, ಬಾಲ್ಕನಿಯ ಬೆಳಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ. ಟ್ಯೂಬ್‌ಲೈಟಿನ ಬೆಳಕಲ್ಲಿ ಒಸಡಿನ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ನಿಮ್ಮ ಕೈ ತೊಳೆದುಕೊಳ್ಳಿ. ಒಂದು ಸ್ಟೀಲ್ ಚಮಚ, ಒಂದು ಒಗೆದ ಹತ್ತಿ ಬಟ್ಟೆ, ಮೊಬೈಲಿನ ಟಾರ್ಚ್ ಸಾಕು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಅದನ್ನು ತೆಗೆಸಿ. ಇದನ್ನು ಮರೆಯುವವರು ಬಹಳ. ಅಜ್ಜಿಯರು ಮೊಮ್ಮಕ್ಕಳ ಮುಂದೆ ಸೆಟ್ ತೆಗೆಯಲು ನಾಚಿಕೊಳ್ಳುತ್ತಾರೆ. ಬಾಗಿಲು ಹಾಕಿಕೊಂಡು, "ಅಜ್ಜಿ, ನಾನೊಬ್ಬಳೇ ಇದೀನಿ" ಅಂತ ಹೇಳಿ ತೆಗೆಸಿ. ನೋಡಬೇಕಾದ ಜಾಗ ಆ ಸೆಟ್ಟಿನ ಕೆಳಗೇ ಇರುತ್ತದೆ.

ಮೊದಲು ತುಟಿಯ ಎರಡು ಮೂಲೆ. ಆಮೇಲೆ ಚಮಚದ ಹಿಂಭಾಗದಿಂದ ಕೆನ್ನೆಯನ್ನು ಹೊರಗೆ ಸರಿಸಿ ಒಳಗೋಡೆ ನೋಡಿ. ಮೇಲಿನ ಒಸಡಿನ ಹೊರಭಾಗ ನೋಡಿ, ಊತ ಇದೆಯಾ, ಕೀವಿನ ಸಣ್ಣ ತೂತು ಇದೆಯಾ ಅಂತ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಎಳೆದು ಅಂಚು ನೋಡಿ. ನಾಲಿಗೆ ಎತ್ತಿಸಿ ಕೆಳಗೂ ನೋಡಿ. ಕೊನೆಗೆ ತಲೆ ಹಿಂದಕ್ಕೆ ಬಾಗಿಸಿ ಅಂಗುಳಕ್ಕೆ ಟಾರ್ಚ್ ಬಿಡಿ.

ಅಂಗುಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೂಗಿಗೂ ಬಾಯಿಗೂ ನಡುವೆ ಇರುವ ಗೋಡೆ ಅದು. ಮೂಗಿನಿಂದ ಇಳಿಯುವ ಫಂಗಸ್ ಮೊದಲು ತಟ್ಟುವುದು ಆ ಗೋಡೆಯನ್ನೇ. ನಡುಗೆರೆಯ ಎಡಕ್ಕೂ ಬಲಕ್ಕೂ ಬಣ್ಣ ಒಂದೇ ಇದೆಯಾ ಅಂತ ಹೋಲಿಸಿ. ಒಂದು ಕಡೆ ಮಾತ್ರ ಬಿಳಿಚಿಕೊಂಡಿದ್ದರೆ, ಕೆಂಪಾಗಿ ಉಬ್ಬಿದ್ದರೆ, ಬೂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬರೆದುಕೊಳ್ಳಿ. ಎಲ್ಲರೂ ಕಪ್ಪು ಬಣ್ಣವನ್ನು ಹುಡುಕುತ್ತಾರೆ. ಕಪ್ಪಾಗುವುದು ತಡವಾಗಿ. ಆ ಫಂಗಸ್ಸಿನ ಬಣ್ಣ ಕಪ್ಪಲ್ಲ. ಅದು ರಕ್ತನಾಳದ ಒಳಗೆ ಬೆಳೆದು ರಕ್ತ ಓಡದಂತೆ ಮಾಡುತ್ತದೆ. ರಕ್ತ ಸಿಗದೆ ಸತ್ತ ಮಾಂಸ ಕಪ್ಪಾಗುತ್ತದೆ. ಹಾಗಾಗಿ ಕಪ್ಪು ಕಾಣಲಿ ಅಂತ ಕಾಯುವುದು ಅಂದರೆ ಮಾಂಸ ಸಾಯಲಿ ಅಂತ ಕಾದ ಹಾಗೆ.

ಇನ್ನು ಕೈಯ ಕೆಲಸ. ಮೇಲಿನ ಹಲ್ಲುಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ಆಡಿಸಿ. ವಯಸ್ಸಾದವರಲ್ಲಿ ಒಂದೆರಡು ಹಲ್ಲು ವರ್ಷಗಳಿಂದ ಅಲ್ಲಾಡುತ್ತಿರಬಹುದು, ಅದಕ್ಕೆ ಗಾಬರಿ ಬೇಡ. ಹೋದ ತಿಂಗಳು ಗಟ್ಟಿಯಾಗಿದ್ದ ಹಲ್ಲುಗಳು, ಅದೂ ಅಕ್ಕಪಕ್ಕದವು, ಒಂದೇ ವಾರದಲ್ಲಿ ಸಡಿಲಾದರೆ ಅದು ಬೇರೆ ವಿಷಯ. ಆಮೇಲೆ ಹತ್ತಿಯ ಪರೀಕ್ಷೆ. ಹತ್ತಿಯಿಂದ ಒಂದು ಎಳೆ ತೆಗೆದು, ಕಣ್ಣು ಮುಚ್ಚಿಸಿ, ಎರಡೂ ಕೆನ್ನೆ, ಮೇಲ್ದುಟಿಯ ಎರಡೂ ಬದಿ ಸವರಿ. "ಎಲ್ಲಿ ಮುಟ್ಟಿದೆ?" ಅಂತ ಕೇಳಿ. ಕಣ್ಣಿನ ಕೆಳಗಿನ ಮೂಳೆಯಿಂದ ಒಂದು ನರ ಹೊರಬಂದು ಕೆನ್ನೆ, ಮೇಲ್ದುಟಿಗೆ ಹರಡಿಕೊಳ್ಳುತ್ತದೆ. ಸೈನಸ್ಸಿನ, ಅಂದರೆ ಮೂಗಿನ ಪಕ್ಕದ ಮೂಳೆಯ ಟೊಳ್ಳಿನ ಒಳಗಿನ ಫಂಗಸ್ ಆ ನರವನ್ನು ಹಿಡಿದರೆ ಆ ಬದಿ ಜೋಮು ಹಿಡಿದ ಹಾಗಾಗುತ್ತದೆ. ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ಮುಂದಿನ ವಾರದ ಫೋಟೋದ ಪಕ್ಕ ಇಟ್ಟು ನೋಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಬಿಳಿ ಪೊರೆ

ಹೆಚ್ಚಿನವರು ಹೆದರುವುದು ಬಿಳಿ ಬಣ್ಣಕ್ಕೆ. ಮೊಸರು ಒಡೆದು ಅಂಟಿಕೊಂಡ ಹಾಗೆ ಬಿಳಿ ಪೊರೆ, ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಬರುತ್ತದೆ, ಕೆಳಗೆ ಕೆಂಪು. ಇದು ಕ್ಯಾಂಡಿಡಾ. ಎಷ್ಟೋ ಜನ ಆರೋಗ್ಯವಂತರ ಬಾಯಲ್ಲೂ ಈ ಫಂಗಸ್ ಇದ್ದೇ ಇರುತ್ತದೆ. ಕಾವಲು ಸಡಿಲಾದಾಗ ತಲೆ ಎತ್ತುತ್ತದೆ. ಒರೆಸಿದರೂ ಬಾರದ ಬಿಳಿ ಮಚ್ಚೆ ಬೇರೆ. ತಂಬಾಕು, ಗುಟ್ಕಾ ಜಗಿಯುವವರಲ್ಲಿ, ಮಶೇರಿ (ಹಲ್ಲಿಗೆ ಉಜ್ಜುವ ಸುಟ್ಟ ತಂಬಾಕಿನ ಪುಡಿ) ಹಚ್ಚುವವರಲ್ಲಿ ಅಂಥ ಮಚ್ಚೆ ಕ್ಯಾನ್ಸರಿನ ಮುಂಚಿನ ಹಂತ ಆಗಿರಬಹುದು. ಅವರು ತಡಮಾಡದೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು.

ಒರೆಸಿದರೆ ಬರುವ ಪೊರೆಗೆ ಕಾರಣ ಬಹಳ ಸಲ ಸಣ್ಣದು. ಉಬ್ಬಸಕ್ಕೆ ಇನ್‌ಹೇಲರ್ ಎಳೆದುಕೊಂಡು ಬಾಯಿ ಮುಕ್ಕಳಿಸದೆ ಮಲಗುವುದು. ಹಲ್ಲಿನ ಸೆಟ್ಟನ್ನು ರಾತ್ರಿಯೂ ಹಾಕಿಕೊಂಡೇ ಇರುವುದು. ಆಂಟಿಬಯಾಟಿಕ್ ಜಾಸ್ತಿ ದಿನ ನುಂಗಿದ್ದು. ಸೆಟ್ಟಿನ ಕೆಳಗೆ ಅಂಗುಳ ಕೆಂಪಾಗಿ ಅಚ್ಚು ಹೊಡೆದ ಹಾಗಿದ್ದರೆ, ರಾತ್ರಿ ಸೆಟ್ ತೆಗೆದು ಬ್ರಷ್ಷಿನಲ್ಲಿ ಉಜ್ಜಿ ನೀರಲ್ಲಿ ಇಡಿ. ಕ್ಲೋಟ್ರಿಮಜೋಲ್ ಹನಿ, ಅಂಗಡಿಯಲ್ಲಿ ಕ್ಯಾಂಡಿಡ್ ಮೌತ್ ಪೇಂಟ್ ಅಂತ ಸಿಗುತ್ತದಲ್ವಾ, ಅದನ್ನು ಬಾಯಿಗೂ ಸೆಟ್ಟಿನ ಒಳಮೈಗೂ ಹಚ್ಚಲು ನಾನು ಬರೆದುಕೊಡುತ್ತೇನೆ. ಒಂದು ಎಚ್ಚರಿಕೆ: ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಫ್ಲುಕೊನಜೋಲ್ ಮಾತ್ರೆಯನ್ನೋ ಮೈಕೊನಜೋಲ್ ಜೆಲ್ಲನ್ನೋ ತಾವೇ ಕೊಂಡು ಶುರು ಮಾಡಬಾರದು. ಇವು ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ ಆಗಬಹುದು.

ಈ ಸಣ್ಣ ಕಾರಣಗಳು ಒಂದೂ ಇಲ್ಲದೆ ಬಿಳಿ ಪೊರೆ ಬಂದರೆ ಮಾತ್ರ ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ. ನುಂಗುವಾಗ ಎದೆಯ ನಡುವೆ ಒಳಗೆ ನೋವಾಗುತ್ತಾ? ಹೌದು ಅಂದರೆ ಫಂಗಸ್ ಅನ್ನನಾಳಕ್ಕೂ ಇಳಿದಿರಬಹುದು. ಆಗ ಬಾಯಿಗೆ ಹಚ್ಚುವ ಹನಿ ಸಾಲುವುದಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ (ಎಚ್‌ಬಿಎ1ಸಿ) ಮತ್ತು ಎಚ್‌ಐವಿ ಪರೀಕ್ಷೆ, ಎರಡನ್ನೂ ಬರೆಯುತ್ತೇನೆ. ಎಚ್‌ಐವಿ ಹೆಸರು ಕೇಳಿ ಸಿಟ್ಟಾದವರು ಇದ್ದಾರೆ. ಎದ್ದು ಹೋದವರೂ ಇದ್ದಾರೆ. ಹೆಂಡತಿಯ ಮುಂದೆ ಕೇಳಿದ್ದು ಒಮ್ಮೆ ನನ್ನದೇ ತಪ್ಪು. ಈಗ ಒಬ್ಬರೇ ಇರುವಾಗ ಹೇಳುತ್ತೇನೆ: ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಗುಟ್ಟಾಗಿ ನಡೆಯುತ್ತದೆ, ಔಷಧಿ 2004ರಿಂದ ಉಚಿತವಾಗಿ ಸಿಗುತ್ತಿದೆ, ತಪ್ಪದೆ ತೆಗೆದುಕೊಂಡವರು ನಿಮ್ಮ ನಮ್ಮ ಹಾಗೆ ಬಾಳುತ್ತಿದ್ದಾರೆ. ಬಾಯಿಯ ಬಿಳಿ ಪೊರೆಯಿಂದಲೇ ಕಾಯಿಲೆ ಗೊತ್ತಾಗಿ ಉಳಿದ ಒಬ್ಬ ಹುಡುಗ ಈಗ ಮದುವೆಯಾಗಿ ಕಲ್ಯಾಣದಲ್ಲಿದ್ದಾನೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಐಸಿಯುನಲ್ಲಿ ಇರುವವರ ರಕ್ತದಲ್ಲಿ ಕ್ಯಾಂಡಿಡಾ ಹರಡಿದಾಗ ಬಾಯಿ ಶುಭ್ರವಾಗೇ ಇರಬಹುದು. ಬಾಯಲ್ಲಿ ಏನೂ ಇಲ್ಲ ಅಂದಮಾತ್ರಕ್ಕೆ ಒಳಗೂ ಇಲ್ಲ ಅಂತ ಅಲ್ಲ.

ಅವತ್ತೇ ಓಡಬೇಕಾದದ್ದು

ಸಕ್ಕರೆ ಕಾಯಿಲೆಯವರಿಗೆ ಅಥವಾ ಸ್ಟೀರಾಯ್ಡ್ ಆದವರಿಗೆ ಮುಖದ ಒಂದೇ ಬದಿಯಲ್ಲಿ ಇವು ಜೊತೆಯಾದರೆ ರಾತ್ರಿ ಹತ್ತು ಗಂಟೆಯಾದರೂ ಹೊರಡಿ: ಮೇಲಿನ ಹಲ್ಲುಗಳ ನೋವು ಅಥವಾ ಸಡಿಲ, ಕೆನ್ನೆಯ ಜೋಮು, ಮೂಗು ಕಟ್ಟಿ ರಕ್ತವೋ ಕಪ್ಪು ಸಿಂಬಳವೋ ಬರುವುದು, ಅಂಗುಳದ ಹುಣ್ಣು, ಕಣ್ಣಿನ ರೆಪ್ಪೆಯ ಊತ, ಒಂದು ವಸ್ತು ಎರಡಾಗಿ ಕಾಣುವುದು. ಎಲ್ಲವೂ ಬರಬೇಕೆಂದಿಲ್ಲ. ಎರಡು ಕಂಡರೂ ಸಾಕು. ಮೂಗಿನಿಂದ ಸೈನಸ್ಸು, ಸೈನಸ್ಸಿನಿಂದ ಕಣ್ಣು, ಕಣ್ಣಿನಿಂದ ಮೆದುಳು ಅಂತ ಈ ಕಪ್ಪು ಫಂಗಸ್ ದಿನಗಳ ಲೆಕ್ಕದಲ್ಲಿ ಏರುತ್ತದೆ.

ಈ ಫಂಗಸ್ ಎಲ್ಲಿಂದ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮಣ್ಣಿನಲ್ಲಿದೆ, ಕೊಳೆತ ಹಣ್ಣಿನಲ್ಲಿದೆ, ಬೂಸ್ಟು ಹಿಡಿದ ಬ್ರೆಡ್ಡಿನಲ್ಲಿದೆ. ಅದರ ಕಣಗಳನ್ನು ನಾವೆಲ್ಲ ಉಸಿರಿನಲ್ಲಿ ಎಳೆದುಕೊಳ್ಳುತ್ತಲೇ ಇರುತ್ತೇವೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ರಕ್ತದಲ್ಲಿ ಸಕ್ಕರೆ ಏರಿ, ರಕ್ತ ಆಮ್ಲದ ಕಡೆ ವಾಲಿದಾಗ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಈ ಫಂಗಸ್ಸಿಗೆ ಕಬ್ಬಿಣ ಅಂದರೆ ಹಬ್ಬದೂಟ. ಅದಕ್ಕೇ ಸಕ್ಕರೆ ಇಳಿಸುವುದೂ ಔಷಧಿಯಷ್ಟೇ ದೊಡ್ಡ ಚಿಕಿತ್ಸೆ.

2021ರಲ್ಲಿ ಇದು ಎಷ್ಟು ಹೆಚ್ಚಾಯಿತು ಅಂದರೆ, ಮೇ 20ರಂದು ಕೇಂದ್ರ ಆರೋಗ್ಯ ಇಲಾಖೆ ಪ್ರತಿಯೊಂದು ಕೇಸನ್ನೂ ಸರ್ಕಾರಕ್ಕೆ ತಿಳಿಸುವಂತೆ ಮಾಡಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಜೂನ್ ಮುಗಿಯುವುದರೊಳಗೆ ದೇಶದಲ್ಲಿ 40 ಸಾವಿರ ದಾಟಿತ್ತು. ಔಷಧಿ ಸಿಗದೆ ಜನ ಅಲೆದದ್ದು ನೆನಪಿದೆಯಲ್ಲ? ಅದರ ಲೆಕ್ಕ ಹೀಗಿದೆ. ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಅನ್ನುವ ಚುಚ್ಚುಮದ್ದು, ಮೈತೂಕದ ಒಂದು ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. ಒಂದು ಸೀಸೆಯಲ್ಲಿ 50 ಮಿಲಿಗ್ರಾಂ. 60 ಕಿಲೋ ಇರುವವರಿಗೆ ದಿನಕ್ಕೆ ಆರು ಸೀಸೆ, ಅದೂ ವಾರಗಟ್ಟಲೆ. ನಮ್ಮ ಹೋಟೆಲ್ ಮಾಲೀಕರ ತಮ್ಮ ಠಾಣೆಯಿಂದ ಪುಣೆಯವರೆಗೆ ಸೀಸೆ ಹುಡುಕಿಕೊಂಡು ತಿರುಗಿದ್ದರು. ಈಗ ಆ ಕೊರತೆ ಇಲ್ಲ, ಆದರೆ ಕಾಯಿಲೆ ಹೋಗಿಲ್ಲ. ಸಕ್ಕರೆ ಇರುವ ಊರಲ್ಲೆಲ್ಲಾ ಅದೂ ಇದೆ, ಕೋವಿಡ್ಡಿಗೂ ಮೊದಲು ಇತ್ತು.

ಈ ಚುಚ್ಚುಮದ್ದು ನಡೆಯುವಾಗ ಕಿಡ್ನಿಗೆ ಪೆಟ್ಟಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಪರೀಕ್ಷೆಗೆ ಪದೇ ಪದೇ ರಕ್ತ ತೆಗೆಯುತ್ತಾರೆ. "ಎಷ್ಟು ಸಲ ಚುಚ್ತೀರಾ" ಅಂತ ನರ್ಸ್ ಹತ್ತಿರ ಜಗಳ ಬೇಡ.

ಹಲ್ಲು ಕೀಳುವ ಮುಂಚೆ

ಹಲ್ಲು ನೋವು ಅಂತ ಬಂದವರ ಹಲ್ಲು ಕಿತ್ತು ಕಳಿಸುವುದು ನಮಗೆ ಸುಲಭ. ಹತ್ತು ನಿಮಿಷದ ಕೆಲಸ. ಆದ್ದರಿಂದ ನೀವೇ ಕೇಳಿ: "ಡಾಕ್ಟ್ರೇ, ಈ ಹಲ್ಲು ಯಾಕೆ ಸಡಿಲಾಯ್ತು?" ಹುಳುಕು, ಒಸಡಿನ ರೋಗ, ಪೆಟ್ಟು, ಯಾವುದೋ ಒಂದು ಉತ್ತರ ಎಕ್ಸ್-ರೇಯಲ್ಲಿ ಕಾಣಬೇಕು. ಉತ್ತರ ಸಿಗದಿದ್ದರೆ ಅವತ್ತು ಹಲ್ಲು ತೆಗೆಸಬೇಡಿ. ಈಗಾಗಲೇ ತೆಗೆಸಿದ್ದು, ಎರಡು ವಾರವಾದರೂ ಗುಳಿ ತುಂಬದೆ ಮೂಳೆ ಕಾಣುತ್ತಿದ್ದರೆ, ಇನ್ನೊಂದು ಕೋರ್ಸ್ ಆಂಟಿಬಯಾಟಿಕ್ ಅಂತ ಸುಮ್ನೆ ಕೂರಬೇಡಿ. ಆಂಟಿಬಯಾಟಿಕ್ಕಿಗೆ ಫಂಗಸ್ ಸಾಯುವುದಿಲ್ಲ.

ಕ್ಯಾನ್ಸರ್ ಅಲ್ಲ, ಹಾಗಾದರೆ ಏನು?

ನಾನು ಜಾಸ್ತಿ ಹೇಳಬೇಕೆಂದಿರುವುದು ಇದನ್ನು. ಇದು ಯಾರಿಗೂ ಗೊತ್ತಿಲ್ಲದ ಕಾಯಿಲೆ.

ಹಾವೇರಿ ಕಡೆಯ ಒಬ್ಬ ಹಿರಿಯರು, ನಿವೃತ್ತರು, ನಾಲಿಗೆಯ ಬದಿಯಲ್ಲಿ ಹುಣ್ಣು. ಅಂಚು ಗಟ್ಟಿಯಾಗಿ ಮೇಲೆದ್ದಿತ್ತು. ನಲವತ್ತು ವರ್ಷ ತಂಬಾಕು ಜಗಿದವರು. ನಾನೂ ಕ್ಯಾನ್ಸರ್ ಅಂತಲೇ ಅಂದುಕೊಂಡೆ. ಬಯಾಪ್ಸಿ ಮಾಡಿದೆವು, ಕ್ಯಾನ್ಸರ್ ಇಲ್ಲ ಅಂತ ವರದಿ ಬಂತು. ಮಗ ಪೇಢೆ ಹಂಚಿದ. ಒಂದು ತಿಂಗಳಾದರೂ ಹುಣ್ಣು ಆರಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಇಳಿದಿದ್ದರು. ಸಂಜೆಯಾದರೆ ಜ್ವರ. ಎದ್ದು ನಿಂತರೆ ತಲೆಸುತ್ತು. "ಊಟಕ್ಕೆ ಉಪ್ಪು ಸಾಲೋದೇ ಇಲ್ಲ ಅಂತಾರೆ" ಎಂದರು ಮನೆಯಾಕೆ.

ಅವರು ಸಹಜವಾಗಿ ಆಡಿದ ಆ ಉಪ್ಪಿನ ಮಾತೇ ದಾರಿ ತೋರಿಸಿತು. ಮೊದಲ ಬಯಾಪ್ಸಿಯ ಮಾಂಸದ ತುಂಡು, ಮೇಣದಲ್ಲಿ ಕೂರಿಸಿದ್ದು, ಲ್ಯಾಬಿನಲ್ಲೇ ಇತ್ತು. ಫಂಗಸ್ ಕಾಣಿಸುವ ಬಣ್ಣ ಹಾಕಿ ಮತ್ತೆ ನೋಡಿ ಅಂತ ಕೇಳಿಕೊಂಡೆ. ಜೀವಕೋಶಗಳ ಒಳಗೆ ರಾಗಿಯಂತೆ ಸಣ್ಣ ಸಣ್ಣ ಚುಕ್ಕಿಗಳು. ಹಿಸ್ಟೊಪ್ಲಾಸ್ಮಾ. ಹೊಟ್ಟೆಯ ಸ್ಕ್ಯಾನಿನಲ್ಲಿ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಎರಡೂ ಊದಿದ್ದವು. ಈ ಫಂಗಸ್ಸಿಗೆ ಆ ಗ್ರಂಥಿಗಳೆಂದರೆ ಇಷ್ಟ. ಅವು ಕೆಟ್ಟರೆ ರಕ್ತದೊತ್ತಡ ಇಳಿಯುತ್ತದೆ, ಮೈ ಉಪ್ಪು ಕೇಳುತ್ತದೆ.

ಹಿಸ್ಟೊಪ್ಲಾಸ್ಮಾ ಹಕ್ಕಿ, ಬಾವಲಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುತ್ತದೆ. 1905ರಲ್ಲಿ ಪನಾಮಾದಲ್ಲಿ ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ಡಾಕ್ಟರು ಇದನ್ನು ಮೊದಲು ಕಂಡರು. ನಮ್ಮ ದೇಶದಲ್ಲಿ ಗಂಗೆಯ ಬಯಲಿನ ಕಡೆ, ಬಂಗಾಳದಲ್ಲಿ ಜಾಸ್ತಿ. ಇಲ್ಲಿ ಕಡಿಮೆ ಅನ್ನುವುದಕ್ಕೇ ಯಾರೂ ಹುಡುಕುವುದಿಲ್ಲ. ಹುಣ್ಣು ನಾಲಿಗೆ, ಅಂಗುಳ, ಒಸಡು, ಕೆನ್ನೆ ಎಲ್ಲಿ ಬೇಕಾದರೂ ಬರಬಹುದು. ನೋಡಲು ಕ್ಯಾನ್ಸರಿನಂತೆಯೂ ಇರುತ್ತದೆ, ಕ್ಷಯದ ಹುಣ್ಣಿನಂತೆಯೂ ಇರುತ್ತದೆ. ಜ್ವರ, ತೂಕ ಇಳಿಕೆ ನೋಡಿ ಕ್ಷಯದ ಮಾತ್ರೆ ಶುರುಮಾಡಿದವರೂ ಇದ್ದಾರೆ. ಆ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಆಮೇಲೆ ಕೊಡುವ ಇಟ್ರಕೊನಜೋಲ್ ಎಂಬ ಫಂಗಸ್ ಔಷಧಿಯ ಶಕ್ತಿಯನ್ನೂ ಕುಗ್ಗಿಸುತ್ತದೆ. ಮೊದಲ ತಪ್ಪು ಎರಡನೆಯ ಚಿಕಿತ್ಸೆಯನ್ನೂ ಕೆಡಿಸುತ್ತದೆ.

ಹಿರಿಯರು ಒಂದು ವರ್ಷ ಇಟ್ರಕೊನಜೋಲ್ ತೆಗೆದುಕೊಂಡರು. ಈ ಔಷಧಿಯ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟವಾದ ಕೂಡಲೇ ನುಂಗಬೇಕು. ಗ್ಯಾಸ್ಟ್ರಿಕ್ಕಿನ ಮಾತ್ರೆ ಜೊತೆಗಿದ್ದರೆ ಅದು ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆಯಾಗುತ್ತದೆ. ನಮ್ಮವರು ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ವಾ, ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಬಯಾಪ್ಸಿಗೆ ಎರಡು ಸೀಸೆ

ಹಾವೇರಿಯವರ ನಂತರ ನಾನು ಎಲ್ಲ ಮನೆಯವರಿಗೂ ಕಲಿಸುವ ಒಂದು ಮಾತಿದೆ. ಬಯಾಪ್ಸಿಗೆ ತುಂಡು ತೆಗೆಯುವ ದಿನ ಕೇಳಿ: "ಒಂದು ಸೀಸೆನಾ, ಎರಡು ಸೀಸೆನಾ?" ಫಾರ್ಮಲಿನ್ ಇರುವ ಸೀಸೆಗೆ ಹಾಕಿದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಆದರೆ ಫಾರ್ಮಲಿನ್ ಫಂಗಸ್ಸನ್ನು ಕೊಲ್ಲುತ್ತದೆ. ಸತ್ತದ್ದನ್ನು ಬೆಳೆಸಿ ಹೆಸರು ಹಿಡಿಯಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ತುಂಡು ಬರೀ ಸಲೈನ್ ಇರುವ ಸೀಸೆಗೆ ಹೋಗಬೇಕು, ಅದು ಕಲ್ಚರಿಗೆ. ಕಪ್ಪು ಫಂಗಸ್ಸಿನ ಅನುಮಾನ ಇದ್ದರೆ, ತುಂಡಿಗೆ ಕೆಒಎಚ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ಅವತ್ತೇ ಮಾಡಿಸಬಹುದು. ಅಗಲವಾದ, ನಡುವೆ ಅಡ್ಡಗೋಡೆ ಇಲ್ಲದ ಎಳೆಗಳು ಕಂಡರೆ ಕಲ್ಚರ್ ಬರಲಿ ಅಂತ ಯಾರೂ ಕಾಯುವುದಿಲ್ಲ, ಚಿಕಿತ್ಸೆ ಶುರು. ಫಂಗಸ್ ಕಾಣಿಸುವ ಬಣ್ಣಗಳು ಪಿಎಎಸ್, ಜಿಎಂಎಸ್ ಅಂತ ಎರಡಿವೆ. ಲ್ಯಾಬಿನ ಚೀಟಿಯಲ್ಲಿ "ಫಂಗಸ್ ಅನುಮಾನ" ಅಂತ ಬರೆದರೆ ಅವನ್ನು ಹಾಕುತ್ತಾರೆ. ಬರೆಯದಿದ್ದರೆ ಸುಮಾರು ಲ್ಯಾಬುಗಳಲ್ಲಿ ಹಾಕುವುದಿಲ್ಲ.

ನಮ್ಮ ಕಡೆಯಿಂದ ಲೋಕಲ್ ರೈಲಿನಲ್ಲಿ ಮುಂಬೈಗೆ ಹೋಗುವವರಿಗೆ ದಾರಿ ಸುಲಭ. ಪರಳ್‌ನಲ್ಲಿ ಇಳಿದರೆ ಕೆಇಎಂ ಆಸ್ಪತ್ರೆ. ದಾದರಿನಲ್ಲಿ ಲೈನ್ ಬದಲಿಸಿ ಮುಂಬೈ ಸೆಂಟ್ರಲ್‌ಗೆ ಹೋದರೆ ನಾಯರ್ ದಂತ ಕಾಲೇಜು. ಸಿಎಸ್‌ಎಂಟಿ ನಿಲ್ದಾಣದ ಪಕ್ಕದಲ್ಲೇ ಸರ್ಕಾರಿ ದಂತ ಕಾಲೇಜು. ಹುಣ್ಣು, ಬಯಾಪ್ಸಿಗೆ ದಂತ ಕಾಲೇಜು ಆಗುತ್ತದೆ. ಕಣ್ಣು ಊದಿದ್ದರೆ, ಕೆನ್ನೆ ಜೋಮು ಹಿಡಿದಿದ್ದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಹುಣ್ಣು ಕಂಡ ದಿನ, ಕೊನೆಯ ಸಕ್ಕರೆ ಎಷ್ಟು, ಯಾವ ಸ್ಟೀರಾಯ್ಡ್ ಎಷ್ಟು ದಿನ, ತೂಕ ಎಷ್ಟು ಇಳಿಯಿತು, ಎಲ್ಲೆಲ್ಲಿ ಇದ್ದು ಬಂದರು.

ಎಲ್ಲೆಲ್ಲಿ ಇದ್ದರು ಅನ್ನುವುದನ್ನು ಬಿಡಬೇಡಿ. ಮಣಿಪುರದ ಕಡೆ ಕೆಲಸ ಮಾಡಿ ಬಂದವರಲ್ಲಿ, ಅದರಲ್ಲೂ ಎಚ್‌ಐವಿ ಇದ್ದವರಲ್ಲಿ, ಟ್ಯಾಲರೊಮೈಸಿಸ್ ಅನ್ನುವ ಫಂಗಸ್ ಮುಖದ ಮೇಲೆ ನಡುವೆ ಗುಳಿ ಬಿದ್ದ ಗುಳ್ಳೆಗಳನ್ನೂ ಬಾಯಲ್ಲಿ ಹುಣ್ಣನ್ನೂ ತರಬಹುದು. ಬ್ರೆಜಿಲ್ ಕಡೆ ಇದ್ದು ಬಂದವರ ಒಸಡಿನಲ್ಲಿ ಹಿಪ್ಪುನೇರಳೆ ಹಣ್ಣಿನಂತೆ ಕೆಂಪು ಚುಕ್ಕಿಯ ಹುಣ್ಣು ಬರುವ ಬೇರೊಂದು ಕಾಯಿಲೆ ಇದೆ. ವರ್ಷಗಳ ನಂತರವೂ ಅದು ತಲೆ ಎತ್ತಬಹುದು.

ಪಾರಿವಾಳದ ಬಗ್ಗೆಯೂ ಕೇಳುತ್ತಾರೆ. ಇಲ್ಲಿನ ಕಟ್ಟಡಗಳ ಡಕ್ಟಿನಲ್ಲಿ, ಏಸಿ ಪೆಟ್ಟಿಗೆಯ ಮೇಲೆ ಗೇಣುದ್ದ ಹಿಕ್ಕೆ ಕೂತಿರುತ್ತದೆ. ಅದರಲ್ಲಿ ಕ್ರಿಪ್ಟೊಕಾಕಸ್ ಎಂಬ ಫಂಗಸ್ ಬೆಳೆಯುತ್ತದೆ. ಬಾಯಲ್ಲಿ ಅದು ಕಾಣುವುದು ಅಪರೂಪ, ಶ್ವಾಸಕೋಶ, ಮೆದುಳಿನ ಪೊರೆಗೆ ಹೋಗುತ್ತದೆ. ಒಣಗಿದ್ದನ್ನು ಪೊರಕೆಯಿಂದ ಗುಡಿಸಬೇಡಿ. ನೀರು ಹಾಕಿ ನೆನೆಸಿ, ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ. ಮನೆಯಲ್ಲಿ ಕಿಡ್ನಿ ಕಸಿಯವರೋ ಕೀಮೋದವರೋ ಇದ್ದರೆ ಅವರ ಕೈಲಿ ಆ ಕೆಲಸ ಮಾಡಿಸಬೇಡಿ.

ಚಿಕಿತ್ಸೆಯ ನಂತರ

ಮೇಲ್ದವಡೆ ತೆಗೆದವರಿಗೆ ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯುತ್ತದೆ. ಗಂಜಿ ಕುಡಿದರೆ ಮೂಗಿನಿಂದ ಬರುತ್ತದೆ, ಮಾತು ಗೊಣಗೊಣ ಆಗುತ್ತದೆ. ಆ ತೂತು ಮುಚ್ಚಲು ಹಲ್ಲಿನ ಸೆಟ್ಟಿನಂಥದೇ ಒಂದು ಪ್ಲೇಟ್ ಮಾಡುತ್ತಾರೆ. ಊಟದ ನಂತರ ತೆಗೆದು ತೊಳೆಯಬೇಕು, ರಾತ್ರಿ ತೆಗೆದಿಡಬೇಕು, ಗಾಯ ಒಣಗಿ ಕುಗ್ಗುತ್ತಾ ಹೋದಂತೆ ಒಳಮೈಗೆ ಹೊಸ ಪದರ ಹಾಕಿಸಬೇಕು. ಆಸ್ಪತ್ರೆಯವರು ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಬೇಕು. ನೋವಿಲ್ಲ ಅಂತ ಪೊಸಕೊನಜೋಲ್ ಎಂಬ ಫಂಗಸ್ ಮಾತ್ರೆಯನ್ನು ನಡುವೆ ನಿಲ್ಲಿಸಬಾರದು.

ನಮ್ಮ ಹೋಟೆಲ್ ಮಾಲೀಕರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಹೋದ ತಿಂಗಳೂ ಬಂದಿದ್ದರು. ಪ್ಲೇಟ್ ಸಡಿಲಾಗಿತ್ತು, ಪದರ ಹಾಕಿಕೊಟ್ಟೆ. ಎಡಬದಿಯ ಹಲ್ಲುಗಳನ್ನು ಒಂದೊಂದಾಗಿ ಆಡಿಸಿ ನೋಡಿದೆ, ಗಟ್ಟಿಯಾಗಿವೆ. ಮೂರು ತಿಂಗಳ ಸಕ್ಕರೆ 6.8. ಹತ್ತಿಯ ಎಳೆ ತೆಗೆದುಕೊಂಡೆ. ನಾನು ಹೇಳುವ ಮೊದಲೇ ಅವರು ಕಣ್ಣು ಮುಚ್ಚಿದರು. ಎಡಗೆನ್ನೆ ಮುಟ್ಟಿದೆ, "ಹ್ಞಾಂ" ಎಂದರು. ಬಲಗೆನ್ನೆ ಮುಟ್ಟಿದೆ, ಗೊತ್ತಾಗಲಿಲ್ಲ. ಮೇಲ್ದುಟಿಯ ಬಲಬದಿಗೆ ಬಂದಾಗ ಸ್ವಲ್ಪ ತಡೆದು, "ಅಲ್ಲೇನೋ ಇದೆ ಡಾಕ್ಟ್ರೇ" ಎಂದರು. ಅದನ್ನು ಅವರ ಕಾರ್ಡಿನಲ್ಲಿ ತಾರೀಕು ಹಾಕಿ ಬರೆದುಕೊಂಡೆ.